ಮೆಣಸಿನಹಣ್ಣಿನ ಕಪ್ಪು ಚುಕ್ಕೆಗೆ ಯಾರು ಹೊಣೆ?

ಹಸಿರಾಗಿರುವವರೆಗೂ ಕಾಯಿ ಚೆನ್ನಾಗಿಯೇ ಕಾಣುತ್ತದೆ. ಕೆಂಪೇರತೊಡಗಿದಾಗ ಸಿಪ್ಪೆಯ ಮೇಲೆ ಕುಳಿಬಿದ್ದ ಚುಕ್ಕೆಯೊಂದು ಮೂಡುತ್ತದೆ. ಅದು ಅಗಲವಾದಂತೆ ಒಳಗೆ ಸುತ್ತುಸುತ್ತಾಗಿ ಕಪ್ಪು ಬಿಂದುಗಳು ಏಳುತ್ತವೆ. ಇದೇ ಹಣ್ಣುಕೊಳೆ ಅಥವಾ ಚಿಬ್ಬು ರೋಗ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಕಡುಗೆಂಪು ಬಣ್ಣದಿಂದ. ಆ ಬಣ್ಣಕ್ಕಾಗಿ ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಡಬೇಕು. ಆ ದಿನಗಳಲ್ಲೇ ಜಡಿಮಳೆ ಹಿಡಿದರೆ ರೋಗಕ್ಕೆ ಹಬ್ಬ.

ರೋಗಕಾರಕ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ. ಕೊಯಮತ್ತೂರಿನ ಮೆಣಸಿನಕಾಯಿಯಿಂದ ಸಿಕ್ಕ ಇದರ ಒಂದು ಜಾತಿಯನ್ನು ಶಿಲೀಂಧ್ರತಜ್ಞ ಸಿಡೋ 1913ರಲ್ಲೇ ವಿವರಿಸಿದ್ದರು. ಆದರೆ ಕೊಳೆತ ಹಣ್ಣಿನಲ್ಲಿ ಹತ್ತಾರು ಬಗೆಯ ಬೂಷ್ಟು ಬೆಳೆಯುತ್ತದೆ. ಕೊಳೆಸಿದ್ದು ಯಾವುದು, ಕೊಳೆತ ಮೇಲೆ ಬಂದು ಸೇರಿದ್ದು ಯಾವುದು? ಕಣ್ಣಳತೆಯಲ್ಲಿ ಹೇಳಲಾಗದು.

ಅದಕ್ಕೇ ಪ್ರಯೋಗಾಲಯದಲ್ಲಿ ಚುಕ್ಕೆಯ ನಡುಭಾಗವನ್ನು ಮುಟ್ಟುವುದಿಲ್ಲ. ರೋಗ ಆಗಷ್ಟೇ ಮುಂದೊತ್ತುತ್ತಿರುವ ಅಂಚಿನಿಂದ ಚೂರು ಕತ್ತರಿಸಿ, ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ತೊಳೆಯುತ್ತಾರೆ. ಮೇಲ್ಮೈಯ ಜೀವಿಗಳು ಸಾಯುತ್ತವೆ, ಒಳಗಿದ್ದದ್ದು ಉಳಿಯುತ್ತದೆ. ಅದಕ್ಕೆ ಉಣಿಸು ಆಲೂಗಡ್ಡೆಯದೇ: ಒಂದು ಲೀಟರ್ ನೀರಿಗೆ 200 ಗ್ರಾಂ ಆಲೂಗಡ್ಡೆಯ ಬಸಿದ ರಸ, 20 ಗ್ರಾಂ ಡೆಕ್ಸ್‌ಟ್ರೋಸ್, ಗಟ್ಟಿಯಾಗಲು 20 ಗ್ರಾಂ ಅಗರ್. 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಬೇಯಿಸಿ ಪೆಟ್ರಿ ತಟ್ಟೆಗೆ ಸುರಿದರೆ ಸಿದ್ಧ.

ತೊಳೆದ ಚೂರನ್ನು ಅದರ ಮೇಲಿಟ್ಟರೆ ವಾರದಲ್ಲಿ ಬಿಳಿಬೂದು ಎಳೆಗಳು ತಟ್ಟೆ ತುಂಬುತ್ತವೆ. ಸೂಕ್ಷ್ಮದರ್ಶಕದಡಿ ಕಪ್ಪು ಮುಳ್ಳುಗೂದಲು, ಕುಡುಗೋಲಿನಂತೆ ಬಾಗಿದ ಬೀಜಕಣಗಳು ಕಾಣುತ್ತವೆ. ಮಳೆಹನಿ ಸಿಡಿದಾಗ ಗಿಡದಿಂದ ಗಿಡಕ್ಕೆ ಹಾರುವುದು ಈ ಬೀಜಕಣಗಳೇ. ಒದ್ದೆ ಸಿಪ್ಪೆಯ ಮೇಲೆ ಮೊಳೆತು, ಕಪ್ಪನೆಯ ಅಂಟುಕೋಶವೊಂದನ್ನು ಊರಿ ಒಳನುಗ್ಗುತ್ತವೆ.

ಇಷ್ಟಕ್ಕೇ ತೀರ್ಪು ಕೊಡುವಂತಿಲ್ಲ. ರಾಬರ್ಟ್ ಕೋಚ್ 19ನೇ ಶತಮಾನದಲ್ಲಿ ಹಾಕಿಕೊಟ್ಟ ಕಟ್ಟಳೆಯಂತೆ, ತಟ್ಟೆಯ ಬೀಜಕಣಗಳನ್ನು ಆರೋಗ್ಯವಂತ ಹಣ್ಣಿಗೆ ಸೋಂಕಿಸಬೇಕು. ಅದೇ ಚುಕ್ಕೆ ಏಳಬೇಕು, ಅದರಿಂದ ಅದೇ ಶಿಲೀಂಧ್ರ ಮರಳಿ ಸಿಗಬೇಕು. ಪಕ್ಕದಲ್ಲಿ ಬರೀ ಶುದ್ಧ ನೀರು ಹಾಕಿದ ಹಣ್ಣು ಹಾಗೇ ಉಳಿಯಬೇಕು. ವಿಜ್ಞಾನದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವುದು ಇಂಥ ತಾಳ್ಮೆ.

ಮುಂದಿನ ಪ್ರಶ್ನೆ ಔಷಧದ್ದು. ಶಿಲೀಂಧ್ರನಾಶಕವನ್ನು ಉಣಿಸಿಗೇ ಬೆರೆಸಿ, ಔಷಧವಿಲ್ಲದ ತಟ್ಟೆಗೆ ಹೋಲಿಸಿದರೆ ಬೆಳವಣಿಗೆ ಎಷ್ಟು ಕುಗ್ಗಿತೆಂದು ಅಳೆಯುತ್ತಾರೆ. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಎದುರುಬದುರು ಬೆಳೆಸಿಯೂ ನೋಡುತ್ತಾರೆ. ಆದರೆ ತಟ್ಟೆಯಲ್ಲಿ ಮಳೆಯಿಲ್ಲ, ಬಿಸಿಲಿಲ್ಲ. ಅಲ್ಲಿ ಗೆದ್ದ ಔಷಧ ಹೊಲದಲ್ಲಿ ತೊಳೆದುಹೋಗಬಹುದು. ಹೊಲದ ಪರೀಕ್ಷೆ ದಾಟದ ಫಲಿತಾಂಶವನ್ನು ಶಿಫಾರಸೆಂದು ಮಾರುವುದು ತಪ್ಪು.

ತಟ್ಟೆ ಖಚಿತವಾಗಿ ತೋರಿಸಿಕೊಟ್ಟ ಇನ್ನೊಂದು ಸಂಗತಿ ರೈತರಿಗೆ ಹೆಚ್ಚು ಬೆಲೆಯುಳ್ಳದ್ದು. ರೋಗ ತಗುಲಿದ ಹಣ್ಣಿನ ಬೀಜವನ್ನು ಒದ್ದೆ ಕಾಗದದ ಮೇಲಿಟ್ಟರೆ ಅದರಿಂದಲೂ ಇದೇ ಶಿಲೀಂಧ್ರ ಏಳುತ್ತದೆ. ಅಂದರೆ ಬರುವ ವರ್ಷದ ರೋಗ ಬೀಜದ ಗಂಟಿನಲ್ಲೇ ಮನೆ ಸೇರಿರುತ್ತದೆ. ಚುಕ್ಕೆಯಿರುವ ಹಣ್ಣಿನಿಂದ ಬೀಜ ತೆಗೆಯಬೇಡಿ, ಬಿತ್ತುವ ಮುನ್ನ ಬೀಜೋಪಚಾರ ತಪ್ಪಿಸಬೇಡಿ, ಕೊಳೆತ ಹಣ್ಣನ್ನು ಹೊಲದಲ್ಲೇ ಬಿಡದೆ ಆರಿಸಿ ನಾಶಮಾಡಿ.