ಅಮೂರ್ತ ಚಿತ್ರಕಲೆಯ ಅಭ್ಯಾಸ

ಶಾಲೆಯ ವಾರ್ಷಿಕೋತ್ಸವದ ದಿನ ಬಾಲಿಕೆಯರ ಕೈಕೆಲಸಗಳನ್ನೂ ಚಿತ್ರಗಳನ್ನೂ ಸಾಲಾಗಿ ಇರಿಸಿ, ತಾಯಿತಂದೆಗಳನ್ನು ಬರಮಾಡಿಕೊಂಡು ತೋರಿಸುವುದು ವಾಡಿಕೆಯಷ್ಟೆ. ಹೂವಿನ ಕುಂಡ, ತೆಂಗಿನ ತೋಪು, ನೀರು ಹೊತ್ತ ಹೆಂಗಸು, ಇವುಗಳ ಚಿತ್ರಗಳ ಮುಂದೆ ನಿಂತವರು “ಚೆನ್ನಾಗಿದೆ” ಎಂದು ಸಂತೋಷಪಟ್ಟು ಮುಂದೆ ಸಾಗುವರು. ಆದರೆ ಅದೇ ಸಾಲಿನಲ್ಲಿ ನಾಲ್ಕು ಗೆರೆಗಳೂ ಎರಡು ಮೂರು ಬಣ್ಣದ ಚೌಕಗಳೂ ಅಲ್ಲದೆ ಬೇರೇನೂ ಇಲ್ಲದ ಹಾಳೆಯೊಂದು ಇದ್ದರೆ, ತಾಯಿಯು ಅರೆಕ್ಷಣ ತಡೆದು, ಮಗಳ ಕಡೆಗೆ ತಿರುಗಿ, “ಇದೇನಮ್ಮಾ?” ಎಂದು ಕೇಳುವಳು. ಮಗಳು ಉತ್ತರ ತೋಚದೆ ತಲೆ ತಗ್ಗಿಸುವಳು. ಆ ಒಂದು ಗಳಿಗೆಯ ನಾಚಿಕೆಯಿಂದ ಮತ್ತೆ ಕುಂಚವನ್ನು ಮುಟ್ಟದೆ ಹೋಗುವ ಹುಡುಗಿಯರೂ ಉಂಟು. ತಾಯಿಯ ಪ್ರಶ್ನೆಯಲ್ಲಿ ದೋಷವಿಲ್ಲ. ಮಗಳ ಮೌನದಲ್ಲಿಯೂ ದೋಷವಿಲ್ಲ. ಇಂತಹ ಚಿತ್ರವನ್ನು ಕುರಿತು ಕೇಳತಕ್ಕ ಪ್ರಶ್ನೆಯೇ ಬೇರೆ ಎಂಬುದನ್ನು ಇಬ್ಬರಿಗೂ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಅದನ್ನು ನನ್ನ ಅಲ್ಪಮತಿಗೆ ತಿಳಿದ ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶವು.

ಕಣ್ಣಿಗೆ ಕಾಣುವ ಯಾವುದೊಂದು ವಸ್ತುವಿನ ಹೋಲಿಕೆಯನ್ನೂ ಗುರಿಯಾಗಿಟ್ಟುಕೊಳ್ಳದೆ, ರೇಖೆ, ಆಕಾರ, ಬಣ್ಣ, ನಡುವಣ ತೆರಪು, ಇವುಗಳ ಪರಸ್ಪರ ಸಂಬಂಧದಿಂದಲೇ ನೋಡುವವರ ಮನಸ್ಸನ್ನು ಮುಟ್ಟುವ ಚಿತ್ರಕ್ಕೆ ಅಮೂರ್ತ ಚಿತ್ರವೆಂದು ಹೆಸರು. ಇದು ಹೊಸ ಮಾತೆಂದು ತೋರಿದರೂ ಇದರ ಅನುಭವ ನಮಗೆ ಹೊಸದಲ್ಲ. ವೀಣೆಯಲ್ಲಿ ರಾಗಾಲಾಪನೆಯನ್ನು ಕೇಳುವಾಗ “ಇದು ಯಾವುದರ ಸದ್ದು?” ಎಂದು ನಾವು ಕೇಳುವುದಿಲ್ಲ. ಮನೆಯ ಮುಂದೆ ಚುಕ್ಕಿಗಳನ್ನು ಎಣಿಸಿ ಇಟ್ಟು, ಅವುಗಳ ಸುತ್ತಲೂ ಎಳೆಯನ್ನು ಬಳಸಿ ತಂದು ಕೂಡಿಸಿದ ರಂಗೋಲಿಯನ್ನು ಕಂಡಾಗಲೂ ಅದು ಯಾವ ವಸ್ತುವಿನಂತಿದೆ ಎಂಬ ವಿಚಾರ ಏಳುವುದಿಲ್ಲ. ಎಳೆ ಎಲ್ಲಿಯೂ ಕಡಿಯದೆ ಬಂತೇ, ಎಡಬಲಗಳು ತೂಗಿದುವೇ ಎಂಬುದನ್ನೇ ಕಣ್ಣು ನೋಡುವುದು. ಆದರೆ ಒಂದು ಭೇದವನ್ನು ಮರೆಯಬಾರದು. ರಂಗೋಲಿಯ ಮಾದರಿಯು ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಬಂದುದು. ಅದಕ್ಕೆ ಮಂಗಳಾಚಾರವೆಂಬ ಆಧಾರವೂ ಉಂಟು. ಅಮೂರ್ತ ಚಿತ್ರವನ್ನು ಬರೆಯ ಹೊರಟ ವಿದ್ಯಾರ್ಥಿನಿಗಾದರೋ ಮಾದರಿಯಿಲ್ಲ. ಈ ಗೆರೆ ಇಲ್ಲಿಯೇ ಏಕೆ, ಈ ಬಣ್ಣ ಇಷ್ಟೇ ಏಕೆ ಎಂಬುದನ್ನೆಲ್ಲ ಆಕೆಯೇ ನಿಶ್ಚಯಿಸಬೇಕು, ಆಕೆಯೇ ಅದಕ್ಕೆ ಹೊಣೆಯಾಗಬೇಕು. ಈ ವಿದ್ಯೆಯ ಕಷ್ಟವೂ ಇದೇ, ಬೆಲೆಯೂ ಇದೇ.

ಈ ಮಾರ್ಗವನ್ನು ತುಳಿದವರಲ್ಲಿ ಮೊದಲಿಗರೊಬ್ಬರಾದ ರಷ್ಯಾ ದೇಶದ ವಾಸಿಲಿ ಕಾಂಡಿನ್ಸ್ಕಿಯವರು (೧೮೬೬-೧೯೪೪) ಮೊದಲು ನ್ಯಾಯಶಾಸ್ತ್ರವನ್ನು ಓದಿದವರು. ಮೂವತ್ತನೆಯ ವಯಸ್ಸಿನಲ್ಲಿ, ೧೮೯೬ರಲ್ಲಿ, ಅದನ್ನು ಬಿಟ್ಟು ಚಿತ್ರ ಕಲಿಯಲು ಜರ್ಮನಿಯ ಮ್ಯೂನಿಕ್ ನಗರಕ್ಕೆ ಬಂದರು. ತಮಗೆ ಒದಗಿದ ಒಂದು ಅನುಭವವನ್ನು ಅವರೇ ಬರೆದಿಟ್ಟಿದ್ದಾರೆ. ಒಂದು ದಿನ ಮುಸ್ಸಂಜೆ ಮನೆಗೆ ಹಿಂದಿರುಗಿದಾಗ, ಗೋಡೆಗೆ ಒರಗಿದ್ದ ಅತಿ ಸುಂದರವಾದ ಚಿತ್ರವೊಂದು ಕಂಡಿತಂತೆ. ಅದರಲ್ಲಿ ಯಾವ ವಸ್ತುವೂ ಗುರುತಿಗೆ ಸಿಕ್ಕಲಿಲ್ಲ. ಬರಿಯ ಆಕಾರಗಳೂ ಬಣ್ಣಗಳೂ ಬೆಳಗುತ್ತಿದ್ದುವು. ಹತ್ತಿರ ಹೋಗಿ ನೋಡಲು, ಅದು ಪಕ್ಕಕ್ಕೆ ತಿರುಗಿ ನಿಂತಿದ್ದ ತಮ್ಮದೇ ಚಿತ್ರ! ಮರುದಿನ ಹಗಲು ಬೆಳಕಿನಲ್ಲಿ ನೋಡಿದಾಗ ವಸ್ತುಗಳೆಲ್ಲ ಗುರುತಿಗೆ ಬಂದುವು. ಹಿಂದಿನ ಸಂಜೆಯ ಬೆಡಗು ಮಾತ್ರ ಪೂರ್ತಿಯಾಗಿ ಮರಳಿ ಬರಲಿಲ್ಲ. ವಸ್ತುವಿನ ಗುರುತೇ ಕೆಲವೊಮ್ಮೆ ನೋಟಕ್ಕೆ ಅಡ್ಡಿಯಾಗುವುದೆಂದು ಅವರು ಅಂದು ಕಂಡುಕೊಂಡರು. ಆದರೂ ಹೋಲಿಕೆಯನ್ನು ಪೂರಾ ಬಿಟ್ಟು ಬರೆಯುವ ಧೈರ್ಯವೂ ಕೌಶಲವೂ ಕೂಡಿಬರಲು ಅವರಿಗೆ ಮತ್ತೆ ಹಲವು ವರ್ಷಗಳೇ ಬೇಕಾದುವು.

ಇಂತಹ ನೋಟವನ್ನು ತರಗತಿಯಲ್ಲಿ ಕಲಿಸಲಾದೀತೇ? ಆದೀತೆಂದು ತೋರಿಸಿದ ಸಂಸ್ಥೆಗಳಲ್ಲಿ ಬೌಹೌಸ್ ಎಂಬುದು ಮುಖ್ಯವಾದುದು. ಇದನ್ನು ೧೯೧೯ರಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿಯು ಜರ್ಮನಿಯ ವೈಮಾರ್ ನಗರದಲ್ಲಿ ಸ್ಥಾಪಿಸಿದರು. ಅಲ್ಲಿಗೆ ಸೇರಿದ ವಿದ್ಯಾರ್ಥಿಗಳು ಮರಗೆಲಸವನ್ನಾಗಲಿ ನೇಯ್ಗೆಯನ್ನಾಗಲಿ ಕಲಿಯುವುದಕ್ಕೆ ಮುಂಚೆ ಅರ್ಧ ವರ್ಷದ ಪೂರ್ವಶಿಕ್ಷಣವನ್ನು ಪಡೆಯಬೇಕಾಗಿತ್ತು. ಮೊದಲು ಇದನ್ನು ನಡೆಸಿದ ಯೋಹಾನೆಸ್ ಇಟ್ಟೆನ್‌ರವರು ಒರಟು-ನುಣುಪು, ಬೆಳಕು-ಕತ್ತಲೆ, ದೊಡ್ಡದು-ಚಿಕ್ಕದು ಎಂಬಂತಹ ವಿರೋಧಗಳನ್ನು ವಿದ್ಯಾರ್ಥಿಗಳಿಗೆ ಒಡ್ಡಿ, ಒಂದೊಂದನ್ನೂ ಮೊದಲು ಮುಟ್ಟಿ ಅನುಭವಿಸಿ ಆಮೇಲೆ ಚಿತ್ರಿಸುವಂತೆ ಮಾಡುತ್ತಿದ್ದರು. ಗೋಣಿಯ ಒರಟುತನವನ್ನು ಬೆರಳಿನಿಂದ ಅರಿಯದವಳು ಅದನ್ನು ಗೆರೆಯಿಂದ ಹೇಗೆ ಹೇಳಿಯಾಳು?

೧೯೨೨ರಲ್ಲಿ ಕಾಂಡಿನ್ಸ್ಕಿಯವರೂ ಅಲ್ಲಿ ಉಪಾಧ್ಯಾಯರಾದರು. ಅವರು ತರಗತಿಯಲ್ಲಿ ಕೆಲವು ಸಾಮಾನುಗಳನ್ನು ಒಟ್ಟಿಗೆ ಜೋಡಿಸಿಟ್ಟು ಬರೆಯಿಸುತ್ತಿದ್ದರು. ಮೊದಲನೆಯ ಹಾಳೆಯಲ್ಲಿ ಆ ಗುಂಪಿನ ಒಟ್ಟು ಆಕಾರವನ್ನು ಸರಳವಾಗಿ ಹಿಡಿಯಬೇಕು. ಎರಡನೆಯದರಲ್ಲಿ ಅದರೊಳಗಣ ಎಳೆತಗಳನ್ನು, ಎಂದರೆ ಯಾವುದು ಒರಗುತ್ತದೆ, ಯಾವುದು ತಡೆಯುತ್ತದೆ, ಭಾರ ಎತ್ತ ಇದೆ ಎಂಬುದನ್ನು, ರೇಖೆಗಳಿಂದ ಗುರುತಿಸಬೇಕು. ಕೊನೆಗೆ ಸಾಮಾನುಗಳನ್ನು ಕೈಬಿಟ್ಟು ಆ ಎಳೆತಗಳನ್ನು ಮಾತ್ರ ಉಳಿಸಿಕೊಂಡು ಚಿತ್ರವನ್ನು ಕಟ್ಟಬೇಕು. ನಮ್ಮ ಬಾಲಿಕೆಯರು ಮನೆಯಲ್ಲಿಯೇ ಇದನ್ನು ಮಾಡಿ ನೋಡಬಹುದು. ಒಂದು ಕೊಡ, ಗೋಡೆಗೆ ಒರಗಿಸಿದ ಒಂದು ಕೊಡೆ, ಮಗುಚಿಟ್ಟ ಒಂದು ಮೊರ, ಇಷ್ಟು ಸಾಕು. ಮೂರನೆಯ ಹಾಳೆಯಲ್ಲಿ ಕೊಡವೂ ಇರದು, ಕೊಡೆಯೂ ಇರದು. ಆದರೆ ಒರಗಿದ ಗೆರೆಯ ಆಯಾಸವೂ ದುಂಡಾದುದರ ನೆಮ್ಮದಿಯೂ ಉಳಿದಿರುವುವು. ಅಮೂರ್ತವೆಂಬುದು ಏನನ್ನೂ ನೋಡದೆ ಗೀಚುವುದಲ್ಲ, ಚೆನ್ನಾಗಿ ನೋಡಿದ ಮೇಲೆ ಬೇಡವಾದುದನ್ನು ಬಿಡುವುದು ಎಂಬುದು ಇದರಿಂದ ಮನದಟ್ಟಾಗುವುದು.

ಅಲ್ಲಿಯೇ ವಿದ್ಯಾರ್ಥಿಯಾಗಿದ್ದು ೧೯೨೩ರಿಂದ ಬೋಧಿಸತೊಡಗಿದ ಯೋಸೆಫ್ ಆಲ್ಬರ್ಸ್‌ರವರ ಕ್ರಮವು ಬೇರೆ. ಅವರ ಶಿಷ್ಯರೊಬ್ಬರು ನೆನಪಿಸಿಕೊಂಡಿರುವಂತೆ, ಒಂದು ದಿನ ಅವರು ಎಲ್ಲರಿಗೂ ಹಳೆಯ ವೃತ್ತಪತ್ರಿಕೆಗಳನ್ನು ಹಂಚಿ, ಇದರಿಂದ ಏನಾದರೂ ಮಾಡಿರಿ ಎಂದು ಹೇಳಿ ಹೊರಟುಹೋದರು. ಹಿಂದಿರುಗಿ ಬರುವಷ್ಟರಲ್ಲಿ ಕೋಟೆ, ದೋಣಿ, ವಿಮಾನ, ಪ್ರಾಣಿಗಳು ಸಿದ್ಧವಾಗಿದ್ದುವು. ಗುರುಗಳು ಅವಾವುವನ್ನೂ ಮೆಚ್ಚಲಿಲ್ಲ. ಕಾಗದವನ್ನು ಉದ್ದಕ್ಕೆ ಮಡಿಸಿ ಅಂಚಿನ ಮೇಲೆ ನಿಲ್ಲಿಸಿದ್ದ ಒಬ್ಬನ ಕೆಲಸವನ್ನು ಮೆಚ್ಚಿದರು. ದೋಣಿಯನ್ನು ಮರದಿಂದ ಇನ್ನೂ ಚೆನ್ನಾಗಿ ಮಾಡಬಹುದು. ಆದರೆ ಮೆತ್ತಗಿನ ಕಾಗದವು ಒಂದು ಮಡಿಕೆಯ ಬಲದಿಂದಲೇ ನೆಟ್ಟಗೆ ನಿಲ್ಲುವುದು ಕಾಗದಕ್ಕೆ ಮಾತ್ರ ಸಾಧ್ಯವಾದುದು. ಕೈಯಲ್ಲಿರುವ ಸಾಮಗ್ರಿಯ ಸ್ವಭಾವವನ್ನು ಕೇಳಿಕೊಂಡು ಕೆಲಸ ಮಾಡು ಎಂಬುದೇ ಆ ಪಾಠವು.

ಬಣ್ಣದ ವಿಷಯದಲ್ಲಿಯೂ ಆಲ್ಬರ್ಸ್‌ರವರು ಇಂತಹದೇ ಅಭ್ಯಾಸಗಳನ್ನು ಮುಂದೆ ಅಮೆರಿಕದಲ್ಲಿ ಮಾಡಿಸಿದರು. ೧೯೬೩ರಲ್ಲಿ ಅವುಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಬೂದು ಬಣ್ಣದ ಒಂದೇ ಕಾಗದದಿಂದ ಎರಡು ಚಿಕ್ಕ ಚೌಕಗಳನ್ನು ಕತ್ತರಿಸಿ, ಒಂದನ್ನು ಕಪ್ಪು ಕಾಗದದ ಮೇಲೂ ಇನ್ನೊಂದನ್ನು ಬಿಳಿಯ ಕಾಗದದ ಮೇಲೂ ಇಡಿರಿ. ಕಪ್ಪಿನ ಮೇಲಿನದು ತಿಳಿಯಾಗಿಯೂ ಬಿಳಿಯ ಮೇಲಿನದು ಗಾಢವಾಗಿಯೂ ಕಾಣುವುವು. ಸೀರೆಗೆ ಒಪ್ಪುವ ರವಿಕೆಯ ಕಣವನ್ನು ಆರಿಸಲು ಜವಳಿ ಅಂಗಡಿಗೆ ಹೋದ ತಾಯಂದಿರಿಗೆ ಈ ಮಾಯೆ ತಿಳಿಯದ್ದಲ್ಲ. ಬಿಡಿಯಾಗಿ ಕೆಂಪೆಂದು ಕಂಡ ಬಟ್ಟೆಯು ಸೀರೆಯ ಮೇಲೆ ಹಾಸಿದೊಡನೆ ಬೇರೆಯೇ ಆಗುವುದನ್ನು ಅವರು ಎಷ್ಟೋ ಸಲ ಕಂಡಿರುವರು. ಬಣ್ಣವು ತನ್ನಷ್ಟಕ್ಕೆ ತಾನಿರದೆ ನೆರೆಯವರಿಂದ ಬದಲಾಗುವುದೆಂಬ ಈ ತತ್ತ್ವವನ್ನು ಅರಿತವಳಿಗೆ ಅಮೂರ್ತ ಚಿತ್ರದ ಅರ್ಧ ಗುಟ್ಟು ತಿಳಿದಂತೆಯೇ ಸರಿ.

ಇಲ್ಲಿ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯತಕ್ಕ ಒಂದು ಚರಿತ್ರೆಯುಂಟು. ೧೮೯೯ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಆನ್ನಿ ಎಂಬಾಕೆ ೧೯೨೨ರಲ್ಲಿ ಬೌಹೌಸನ್ನು ಸೇರಿ, ಮುಂದೆ ಯೋಸೆಫ್ ಆಲ್ಬರ್ಸ್‌ರವರನ್ನೇ ವಿವಾಹವಾದರು. ಆಕೆಗೆ ಗಾಜಿನ ಕೆಲಸವನ್ನು ಕಲಿಯುವ ಆಸೆಯಿತ್ತು. ಸ್ತ್ರೀಪುರುಷರು ಸಮಾನರೆಂದು ಮೊದಲಿಗೆ ಸಾರಿದ್ದ ಆ ಸಂಸ್ಥೆಯು ನಡೆಯಲ್ಲಿ ಮಾತ್ರ ಹೆಂಗಸರನ್ನು ಹೆಚ್ಚಾಗಿ ಮಗ್ಗದ ಕಡೆಗೇ ಕಳುಹಿಸುತ್ತಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಮಗ್ಗದ ಮುಂದೆ ಕುಳಿತ ಆಕೆ, ಹಾಸು-ಹೊಕ್ಕುಗಳು ಕೂಡುವ ಕಟ್ಟುಪಾಡಿನಲ್ಲಿಯೇ ತನ್ನ ಅಮೂರ್ತ ಕಲೆಯನ್ನು ಕಂಡುಕೊಂಡರು. ಎಳೆ ಎಣಿಸಿ ಕಸೂತಿ ಹಾಕಿದವರಿಗೆ ಇದರ ಅರ್ಥ ಒಡನೆಯೇ ಆಗುವುದು: ಎಳೆಯು ಎಲ್ಲೆಂದರಲ್ಲಿ ತಿರುಗದು, ಆ ನಿರ್ಬಂಧದಿಂದಲೇ ಅಂದವು ಹುಟ್ಟಬೇಕು. ೧೯೩೦ರಲ್ಲಿ ಪದವಿಪತ್ರಕ್ಕಾಗಿ ಆಕೆ ನೇಯ್ದುದು ಒಂದು ಸಭಾಮಂದಿರದ ಗೋಡೆಗೆ ಹೊದಿಸುವ ಬಟ್ಟೆ. ಅದರ ಒಂದು ಮೈ ಬೆಳಕನ್ನು ಪ್ರತಿಫಲಿಸುತ್ತಿತ್ತು, ಇನ್ನೊಂದು ಮೈ ಸದ್ದನ್ನು ಹೀರುತ್ತಿತ್ತು. ೧೯೪೯ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಆಕೆಯೊಬ್ಬರದೇ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತು. ನೇಯ್ಗೆಯ ಕಲಾವಿದರಿಗೆ ಅಲ್ಲಿ ಆ ಗೌರವ ಸಂದುದು ಅದೇ ಮೊದಲು.

ಈ ಕಲೆಗೆ ವಿರೋಧವೂ ಕಡಮೆಯಾಗಿರಲಿಲ್ಲ. ನಾಜಿಗಳ ಒತ್ತಾಯದಿಂದ ೧೯೩೩ರಲ್ಲಿ ಬೌಹೌಸ್ ಮುಚ್ಚಿತು. ಆಲ್ಬರ್ಸ್ ದಂಪತಿಗಳು ದೇಶ ಬಿಟ್ಟರು. ೧೯೩೭ರಲ್ಲಿ ಮ್ಯೂನಿಕ್ ನಗರದಲ್ಲಿ ಇಂತಹ ಚಿತ್ರಗಳನ್ನು ಗೇಲಿ ಮಾಡುವುದಕ್ಕೆಂದೇ ಪ್ರದರ್ಶನವೊಂದನ್ನು ನಡೆಸಿ, ಕಾಂಡಿನ್ಸ್ಕಿಯವರ ಕೃತಿಗಳನ್ನೂ ಅಲ್ಲಿ ತೂಗಹಾಕಿದರು. ಅದಕ್ಕೆ ಹದಿನೈದು ವರ್ಷಗಳ ಮೊದಲೇ, ೧೯೨೨ರ ಡಿಸೆಂಬರಿನಲ್ಲಿ, ಕಾಂಡಿನ್ಸ್ಕಿ, ಇಟ್ಟೆನ್ ಮೊದಲಾದವರ ಚಿತ್ರಗಳನ್ನು ನಮ್ಮ ದೇಶದ ಕಲ್ಕತ್ತೆಯಲ್ಲಿ ಆದರದಿಂದ ಪ್ರದರ್ಶಿಸಿದ್ದರೆಂಬುದು ನಮಗೆ ಹೆಮ್ಮೆಯ ಸಂಗತಿ. ತನ್ನ ಕಣ್ಣಿನಿಂದ ನೋಡಿ ತಾನೇ ತೀರ್ಮಾನಿಸುವ ಅಭ್ಯಾಸವು ಸರ್ವಾಧಿಕಾರಿಗಳಿಗೆ ರುಚಿಸದು.

ಹಾಗಾದರೆ ಗೀಚಿದುದೆಲ್ಲವೂ ಚಿತ್ರವೇ ಎಂದು ಯಾರಾದರೂ ಕೇಳಬಹುದು. ಅಲ್ಲವೇ ಅಲ್ಲ. ಅದನ್ನು ಪರೀಕ್ಷಿಸುವ ಬಗೆಯೂ ಉಂಟು. ಹಾಳೆಯನ್ನು ದೂರದಲ್ಲಿಟ್ಟು ನೋಡಿರಿ: ಕಣ್ಣು ಮೊದಲು ಎಲ್ಲಿಗೆ ಹೋಗುವುದು? ಅಲ್ಲಿಂದ ಎತ್ತ ಸಾಗುವುದು? ಒಂದು ಮೂಲೆಯನ್ನು ಅಂಗೈಯಿಂದ ಮುಚ್ಚಿದರೆ ಉಳಿದುದು ಬಡವಾಗುವುದೇ, ಇಲ್ಲವೇ? ಬಡವಾಗದಿದ್ದರೆ ಆ ಮೂಲೆಯ ಕೆಲಸವು ವ್ಯರ್ಥ. ತಲೆಕೆಳಗು ಮಾಡಿದರೆ ಭಾರವು ಎತ್ತ ವಾಲುವುದು? ಈ ಪ್ರಶ್ನೆಗಳಿಗೆ ಬರೆದವಳು ತಾನೇ ಉತ್ತರ ಹೇಳಬಲ್ಲಳಾದರೆ ಅದು ಗೀಚಾಟವಲ್ಲ. ಹೇಳಲಾರದೆ ಹೋದರೆ, ಇನ್ನೊಂದು ಹಾಳೆಯನ್ನು ತೆಗೆದುಕೊಳ್ಳಲಿ; ಕಾಗದಕ್ಕೇನು ಬರ?

ಪ್ರಿಯ ತಾಯಿತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮಗಳೋ ತಂಗಿಯೋ ಇಂತಹ ಹಾಳೆಯೊಂದನ್ನು ತಂದು ತೋರಿಸಿದಾಗ, “ಇದೇನು?” ಎಂಬುದಕ್ಕೆ ಬದಲಾಗಿ, “ಈ ಗೆರೆಯನ್ನು ಇಲ್ಲಿಯೇ ಏಕೆ ನಿಲ್ಲಿಸಿದೆಯಮ್ಮಾ?” ಎಂದು ಕೇಳಿರಿ. ಆಕೆ ತಲೆ ತಗ್ಗಿಸುವುದಿಲ್ಲ. ಕೊಂಚ ಯೋಚಿಸಿ, ಹಾಳೆಯನ್ನು ನಿಮ್ಮ ಕಡೆಗೆ ತಿರುಗಿಸಿ, ಬೆರಳಿಟ್ಟು ತೋರಿಸುತ್ತ ಹೇಳತೊಡಗುವಳು. ಆಗ ಆಕೆಯ ಮಾತನ್ನು ಕೊನೆಯ ತನಕ ಕೇಳಬೇಕೆಂಬುದೇ ನನ್ನ ಪ್ರಾರ್ಥನೆ.