ತಲೆಯ ಮೇಲೆ ಹೊರುವ ದೋಣಿ

ನ್ಯೂಯಾರ್ಕ್ ಎಂದೊಡನೆ ಕಣ್ಣ ಮುಂದೆ ಬರುವುದು ಗಗನಚುಂಬಿ ಕಟ್ಟಡಗಳ ನಗರ. ಅದೇ ಹೆಸರಿನ ರಾಜ್ಯದ ಉತ್ತರ ಭಾಗಕ್ಕೆ ಹೋದರೆ ನೋಟವೇ ಬೇರೆ. ಅಲ್ಲಿರುವುದು ಅಡಿರಾಂಡಾಕ್ ಎಂಬ ಬೆಟ್ಟಸೀಮೆ. ದಟ್ಟವಾದ ಕಾಡು, ಕಾಡಿನೊಳಗೆ ಸಾವಿರಾರು ಸರೋವರಗಳು, ಕೊಳಗಳು, ಅವುಗಳನ್ನು ಪೋಣಿಸಿದಂತೆ ಹರಿಯುವ ತೊರೆಗಳು. ತೊರೆಗಳ ತಣ್ಣನೆಯ ನೀರಿನಲ್ಲಿ ಟ್ರೌಟ್ ಮೀನುಗಳು. ಗಾಳ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಆದರೆ ಒಂದು ತೊಡಕಿದೆ. ಒಂದು ಸರೋವರದಿಂದ ಇನ್ನೊಂದಕ್ಕೆ ಎಲ್ಲ ಕಡೆಯೂ ನೀರಿನ ದಾರಿ ಇಲ್ಲ. ಎಷ್ಟೋ ಕಡೆ ದೋಣಿಯಿಂದಿಳಿದು, ದೋಣಿಯನ್ನೇ ಹೊತ್ತುಕೊಂಡು ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು. ಇಂಥ ದಾರಿಗೆ ಆ ಸೀಮೆಯವರು ‘ಕ್ಯಾರಿ’ ಎಂದೇ ಹೇಳುತ್ತಾರೆ, ಅಂದರೆ ಹೊರೆ ಹೊರುವ ದಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಮೀನು ಹಿಡಿಯಲು ಹೋಗುತ್ತಿದ್ದ ನಗರದ ಶ್ರೀಮಂತರು ಈ ಕೆಲಸಕ್ಕೆ ಸ್ಥಳೀಯ ಮಾರ್ಗದರ್ಶಕನೊಬ್ಬನನ್ನು ಕೂಲಿಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಹುಟ್ಟು ಹಾಕುವವನೂ ಅವನೇ, ಮೂವತ್ತು ಕಿಲೋ ಆಸುಪಾಸಿನ ದೋಣಿಯನ್ನು ಹೊರುವವನೂ ಅವನೇ.

ಕೂಲಿ ಕೊಡಲು ಹಣವಿಲ್ಲದವನು ಏನು ಮಾಡಬೇಕು? ದೋಣಿ ಹೊರಲು ಮೈಯಲ್ಲಿ ಕಸುವೂ ಇಲ್ಲದಿದ್ದರೆ?

ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬಾತ ಇಂಥ ಮನುಷ್ಯ. 1821ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾದ ವೆಲ್ಸ್‌ಬರೋ ಎಂಬ ಊರಿನಲ್ಲಿ ನೆಲೆಸಿದವನು. ಕಸುಬು ಚಪ್ಪಲಿ, ಬೂಟು ಹೊಲಿಯುವುದು. ಎತ್ತರ ಐದಡಿ ಚಿಲ್ಲರೆ, ತೂಕ 50 ಕಿಲೋ ಆಸುಪಾಸು. ಅದರ ಮೇಲೆ ಎದೆಯ ಕಾಯಿಲೆ. ಆದರೂ ಕಾಡಿನ ಹುಚ್ಚು ಬಿಡದು. ‘ನೆಸ್ಮುಕ್’ ಎಂಬ ಹೆಸರಿನಲ್ಲಿ ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಎಂಬ ವಾರಪತ್ರಿಕೆಗೆ ಕಾಡಿನ ಅನುಭವಗಳನ್ನು ಬರೆಯುತ್ತಿದ್ದ. ಬಾಲ್ಯದಲ್ಲಿ ತನಗೆ ಕಾಡಿನ ವಿದ್ಯೆ ಕಲಿಸಿದ ಮೂಲನಿವಾಸಿ ಇಂಡಿಯನ್ ಒಬ್ಬನ ಹೆಸರನ್ನೇ ಆತ ಇಟ್ಟುಕೊಂಡಿದ್ದ.

1880ರ ಹೊತ್ತಿಗೆ ಆತ ಕ್ಯಾಂಟನ್ ಎಂಬ ಊರಿನ ದೋಣಿ ತಯಾರಕ ಜೆ. ಹೆನ್ರಿ ರಶ್ಟನ್ ಬಳಿ ಒಂದು ಬೇಡಿಕೆ ಇಟ್ಟ. ತನ್ನೊಬ್ಬನನ್ನೇ ಹೊರುವ, ತಾನೊಬ್ಬನೇ ಹೊರಬಹುದಾದ ದೋಣಿ ಬೇಕು! ರಶ್ಟನ್ ಮಾಡಿಕೊಟ್ಟ ಮೊದಲ ದೋಣಿ 18 ಪೌಂಡಿಗಿಂತ, ಅಂದರೆ ಸುಮಾರು 8 ಕಿಲೋಗಿಂತ ಒಂದಿಷ್ಟು ಕಡಿಮೆ ತೂಗಿತು. ಆಗಿನ ಕಾಲಕ್ಕೆ ಅದೇ ಆಶ್ಚರ್ಯ. ಸಿಯರ್ಸ್‌ಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಮತ್ತೊಂದು ಬಂತು, ಇನ್ನೂ ಹಗುರ. 1883ರಲ್ಲಿ ಬಂದ ‘ಸೇರಿ ಗ್ಯಾಂಪ್’ ತೂಗಿದ್ದು ಹತ್ತೂವರೆ ಪೌಂಡ್ ಮಾತ್ರ, ಐದು ಕಿಲೋ ಕೂಡ ಇಲ್ಲ. ಶಾಲೆಗೆ ಹೋಗುವ ಎಷ್ಟೋ ಮಕ್ಕಳ ಬೆನ್ನಿನ ಚೀಲ ಇದಕ್ಕಿಂತ ಭಾರವಾಗಿರುತ್ತದೆ! ಇದಕ್ಕಿಂತ ಚಿಕ್ಕದನ್ನು ಕೇಳಬೇಡ, ಇದು ಸಾಕೆನಿಸಿದರೆ ಸೂಪು ಕುಡಿಯುವ ಬಟ್ಟಲು ಮಾಡಿಕೋ ಎಂದು ರಶ್ಟನ್ ತಮಾಷೆ ಮಾಡಿದನಂತೆ. ಹೆಸರಿನಲ್ಲೂ ತಮಾಷೆಯಿದೆ. ಸೇರಿ ಗ್ಯಾಂಪ್ ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿಯೊಂದರಲ್ಲಿ ಬರುವ ಕುಡುಕಿ ದಾದಿ. ಆಕೆ ನೀರನ್ನು ಹತ್ತಿರ ಸೇರಿಸುವವಳಲ್ಲ. ದೋಣಿಯೂ ನೀರನ್ನು ಒಳಗೆ ಬಿಟ್ಟುಕೊಳ್ಳಬಾರದಲ್ಲ!

ಆ ಬೇಸಿಗೆಯಲ್ಲಿ 61 ವರ್ಷದ ಸಿಯರ್ಸ್ ಒಬ್ಬನೇ ಈ ದೋಣಿಯಲ್ಲಿ ಅಡಿರಾಂಡಾಕ್ ಕಾಡಿನೊಳಗೆ 266 ಮೈಲಿ, ಅಂದರೆ ಸುಮಾರು 428 ಕಿಲೋಮೀಟರ್ ಸುತ್ತಿ ಬಂದ. ಆತನ ಪದ್ಧತಿಯಲ್ಲಿ ದೋಣಿ, ಹೊದಿಕೆ, ಹೆಚ್ಚಿನ ಬಟ್ಟೆ, ಎರಡು ದಿನದ ಆಹಾರ, ಪುಟ್ಟ ಕೊಡಲಿ, ಗಾಳದ ಕೋಲು ಎಲ್ಲ ಸೇರಿ ಹೊರೆ 26 ಪೌಂಡ್ ಮೀರುತ್ತಿರಲಿಲ್ಲ. ಅಂದರೆ ಸುಮಾರು 12 ಕಿಲೋ.

ಐದು ಕಿಲೋ ಮರ ಅರವತ್ತು ಕಿಲೋ ಭಾರವನ್ನು ಹೇಗೆ ಹೊತ್ತಿತು? ಹೈಸ್ಕೂಲಿನಲ್ಲಿ ಓದುವ ಆರ್ಕಿಮಿಡೀಸನ ತತ್ತ್ವವೇ ಇಲ್ಲಿ ಸಾಕು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಮನುಷ್ಯ 50, ದೋಣಿ ಮತ್ತು ಸಾಮಾನು 12, ಒಟ್ಟು 62 ಕಿಲೋ. ಸರಿಯಬೇಕಾದ ನೀರು 62 ಲೀಟರ್. ಸೇರಿ ಗ್ಯಾಂಪ್‌ನ ಉದ್ದ 9 ಅಡಿ, ಅಗಲ 26 ಅಂಗುಲ, ನಡುಭಾಗದ ಆಳ 6 ಅಂಗುಲ. ಎರಡೂ ತುದಿ ಚೂಪಾಗಿರುವುದರಿಂದ ನೀರಿನ ಮೇಲೆ ಅದು ಆವರಿಸುವ ಜಾಗ ಸುಮಾರು ಒಂದು ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಂದು ಸೆಂಟಿಮೀಟರ್ ಮುಳುಗಿದರೆ ಸುಮಾರು 10 ಲೀಟರ್ ನೀರು ಸರಿಯುತ್ತದೆ. ತಳ ದುಂಡಗೆ ಇಕ್ಕಟ್ಟಾಗಿರುವುದನ್ನೂ ಸೇರಿಸಿದರೆ 62 ಲೀಟರಿಗೆ ಏಳೆಂಟು ಸೆಂಟಿಮೀಟರ್ ಮುಳುಗಬೇಕು. ಇರುವ ಆಳ 15 ಸೆಂಟಿಮೀಟರ್. ನೀರಿನ ಮೇಲೆ ಉಳಿಯುವುದು ಅದರಲ್ಲಿ ಅರ್ಧ.

ಈಗ ಅದೇ ದೋಣಿಯಲ್ಲಿ 80 ಕಿಲೋ ತೂಕದ ಮನುಷ್ಯ 15 ಕಿಲೋ ಹೊರೆಯೊಂದಿಗೆ ಕುಳಿತನೆನ್ನಿ. ಲೆಕ್ಕ ಮಾಡಿ ನೋಡಿ, ಅಂಚಿಗೂ ನೀರಿಗೂ ನಾಲ್ಕು ಬೆರಳ ಅಂತರವೂ ಉಳಿಯುವುದು ಅನುಮಾನ. ಮೀನು ಎಳೆದ ಕಡೆ ಸ್ವಲ್ಪ ಬಾಗಿದರೆ ಮುಗಿಯಿತು. ಸಿಯರ್ಸ್‌ನ ದೋಣಿ ಸಿಯರ್ಸ್‌ಗೆ ಮಾತ್ರ ಸರಿ. ಒಬ್ಬನ ಅಂಗಿ ಇನ್ನೊಬ್ಬನಿಗೆ ಆಗದ ಹಾಗೆ. ಆದ್ದರಿಂದ ಹಗುರ ದೋಣಿ ಕೊಳ್ಳುವವನು ಅಂಗಡಿಯಲ್ಲಿ ಮೊದಲು ಹೇಳಬೇಕಾದ್ದು ತನ್ನ ತೂಕವನ್ನು, ಅದೂ ನಿಜವಾದ ತೂಕವನ್ನು.

ಅಗಲದ ವಿಷಯ ಇನ್ನೂ ಸ್ವಾರಸ್ಯಕರ. ಒಂದು ಕಡೆಗೆ ವಾಲಿದ ದೋಣಿ ತಾನಾಗಿ ನೆಟ್ಟಗಾಗುವ ಶಕ್ತಿ ಬಹುಮಟ್ಟಿಗೆ ಅಗಲದ ಘನವನ್ನು ಅವಲಂಬಿಸುತ್ತದೆ. ಅಗಲವನ್ನು 66ರಿಂದ 76 ಸೆಂಟಿಮೀಟರಿಗೆ ಏರಿಸಿ. ಹೆಚ್ಚಿದ್ದು 10 ಸೆಂಟಿಮೀಟರ್, ಆದರೆ ಆ ಶಕ್ತಿ ಸುಮಾರು ಒಂದೂವರೆ ಪಟ್ಟು. ಗಾಳ ಬೀಸುವವನಿಗೆ, ಬಲೆಚೀಲ ಹಿಡಿದು ಪಕ್ಕಕ್ಕೆ ಬಾಗುವವನಿಗೆ ಇದು ವರ. ಆದರೆ ಅಗಲವಾದಷ್ಟೂ ದೋಣಿ ನಿಧಾನ, ಹುಟ್ಟು ನೀರಿಗೆ ಎಟಕಿಸುವುದೂ ಕಷ್ಟ. ಇನ್ನೊಂದು ಖರ್ಚಿಲ್ಲದ ಉಪಾಯವಿದೆ: ಪೀಠದ ಮೇಲೆ ಕೂರದೆ ದೋಣಿಯ ತಳದಲ್ಲೇ ಕೂರುವುದು. ಗುರುತ್ವಕೇಂದ್ರ ಕೆಳಗಿಳಿದರೆ ಮಗುಚುವ ಭಯ ಕಡಿಮೆ. ಇಂಥ ದೋಣಿಗಳಲ್ಲಿ ಹಾಗೇ ಕೂರುತ್ತಾರೆ, ಎರಡೂ ತುದಿಯಲ್ಲಿ ಅಲಗಿರುವ ಹುಟ್ಟನ್ನು ಬಳಸುತ್ತಾರೆ. ಎದ್ದು ನಿಂತು ಗಾಳ ಬೀಸುವ ಆಸೆ ಇದ್ದವರು ಈ ದೋಣಿಗಳ ತಂಟೆಗೆ ಹೋಗದಿರುವುದೇ ಒಳ್ಳೆಯದು.

ಉದ್ದದ ಬಗ್ಗೆ ತೊರೆಯ ಮಟ್ಟಿಗೆ ಹೆಚ್ಚು ಚಿಂತೆ ಬೇಡ. ಉದ್ದ ದೋಣಿ ವೇಗವಾಗಿ, ನೇರವಾಗಿ ಹೋಗುತ್ತದೆ, ಅದಕ್ಕೆ ದೊಡ್ಡ ಸರೋವರವೇ ಸರಿ. ಕಲ್ಲುಬಂಡೆ, ಬಿದ್ದ ಮರಗಳ ನಡುವೆ ನುಸುಳಲು 10ರಿಂದ 12 ಅಡಿಯದು ಅನುಕೂಲ. ತಳ ತುದಿಗಳ ಕಡೆಗೆ ಸ್ವಲ್ಪ ಮೇಲಕ್ಕೆ ಬಾಗಿದ್ದರೆ ತಿರುವು ಇನ್ನೂ ಸುಲಭ.

ಇನ್ನು ಯಾವುದರಿಂದ ಮಾಡಿದ್ದು? ರಶ್ಟನ್ ಬಳಸಿದ್ದು ಸೀಡರ್ ಮರದ ತೆಳು ಹಲಗೆ. 1965ರಲ್ಲಿ ಡುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವಾಲೆಕ್ ಎಂಬಾಕೆ ಗುಂಡು ತಡೆಯುವ ಅಂಗಿಗೆ ಮುಂದೆ ಹೆಸರಾದ ಕೆವ್ಲಾರ್ ಎಳೆಗೆ ದಾರಿ ಮಾಡಿದರು. ಅದೇ ಎಳೆಯ ಬಟ್ಟೆಯನ್ನು ರಾಳದಲ್ಲಿ ತೋಯಿಸಿ ಅಚ್ಚಿನ ಮೇಲೆ ಹಾಸಿದರೆ ದೋಣಿ ಸಿದ್ಧ. ಅಡಿರಾಂಡಾಕ್‌ನ ಓಮ್‌ಸ್ಟೆಡ್‌ವಿಲ್‌ನಲ್ಲಿ ಪೀಟರ್ ಹಾರ್ನ್‌ಬೆಕ್ ಎಂಬವರು ರಶ್ಟನ್‌ನ ದೋಣಿಗಳ ಜಾಡಿನಲ್ಲೇ ಇಂಥ ಪುಟ್ಟ ಕೆವ್ಲಾರ್ ದೋಣಿಗಳನ್ನು ತಯಾರಿಸಿ ಹೆಸರಾದರು. ಕೆವ್ಲಾರ್ ಗಟ್ಟಿ, ಆದರೆ ಚೂಪುಗಲ್ಲಿನ ಮೇಲೆ ಉಜ್ಜಿದರೆ ಸವೆಯುತ್ತದೆ. ದಪ್ಪ ಪ್ಲಾಸ್ಟಿಕ್ಕಿನದು ಎಂಥ ಬಂಡೆಗೂ ಜಗ್ಗದು, ಬೆಲೆಯೂ ಕಡಿಮೆ, ಆದರೆ ಹೊರುವವನ ಹೆಗಲು ಹೇಳುತ್ತದೆ ಅದರ ಕಥೆ. ಇಲ್ಲೊಂದು ಮಾತು ಮರೆಯಬಾರದು. ಸೀಡರ್ ಮರ ನೀರು ತುಂಬಿದರೂ ತೇಲುತ್ತದೆ. ಕೆವ್ಲಾರ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ, ತಾನಾಗಿ ಮುಳುಗುವ ವಸ್ತು. ಅದಕ್ಕೇ ಎರಡೂ ತುದಿಗಳಲ್ಲಿ ಮುಚ್ಚಿದ ಗಾಳಿಕೋಣೆಯೋ ಥರ್ಮೋಕೋಲಿನಂಥ ಹಗುರ ತುಂಬಣವೋ ಇದೆಯೇ ಎಂದು ನೋಡಿಯೇ ಕೊಳ್ಳಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಕುಟುಂಬಗಳ ಮಕ್ಕಳೂ ರಜೆಯಲ್ಲಿ ಈ ನೀರುಗಳಿಗೆ ಇಳಿಯುವುದುಂಟು. ಪಾಲಕರು ತಿಳಿದಿರಬೇಕಾದ ನಿಯಮಗಳಿವು: ನ್ಯೂಯಾರ್ಕ್ ರಾಜ್ಯದಲ್ಲಿ 16 ವರ್ಷ ತುಂಬಿದವರು ಮೀನು ಹಿಡಿಯಲು ಪರವಾನಗಿ ಪಡೆಯಬೇಕು. ಇಂಥ ಸಣ್ಣ ದೋಣಿಗಳಲ್ಲಿ 12 ವರ್ಷದೊಳಗಿನವರು ಯಾವಾಗಲೂ ಜೀವರಕ್ಷಕ ಅಂಗಿ ತೊಟ್ಟಿರಬೇಕು. ನವೆಂಬರ್ 1ರಿಂದ ಮೇ 1ರವರೆಗೆ ಎಲ್ಲರೂ ತೊಡಬೇಕು. ಆ ತಿಂಗಳುಗಳಲ್ಲಿ ನೀರು ಎಷ್ಟು ಕೊರೆಯುತ್ತದೆಂದರೆ ಈಜು ಬಲ್ಲವನ ಕೈಕಾಲೂ ಕೆಲವೇ ನಿಮಿಷಗಳಲ್ಲಿ ಮರಗಟ್ಟುತ್ತವೆ.

ಒಬ್ಬನೇ ಹೊತ್ತು, ಒಬ್ಬನೇ ಕುಳಿತು ಮೀನು ಹಿಡಿಯುವ ದೋಣಿ ನಮಗೇನೂ ಹೊಸತಲ್ಲ. ತುಂಗಭದ್ರೆಯ, ಕಾವೇರಿಯ ಮೀನುಗಾರರು ಹರಿಗೋಲನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ದಡದಲ್ಲಿ ನಡೆದು ಬರುವುದನ್ನು ದೂರದಿಂದ ಕಂಡರೆ ದೊಡ್ಡ ಆಮೆಯೊಂದು ಎದ್ದು ನಡೆದಂತೆ ಕಾಣುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ಈ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಅವು ಗಿರಗಿರನೆ ತಿರುಗುತ್ತಲೇ ಸಾಗುವುದನ್ನೂ ಗಮನಿಸಿದ್ದಾನೆ. ಅಗಲ ಉದ್ದ ಎರಡೂ ಒಂದೇ ಆದ್ದರಿಂದ ಹರಿಗೋಲು ಸುಲಭಕ್ಕೆ ಮಗುಚದು, ಆದರೆ ನೇರ ಹೋಗು ಎಂದರೆ ಕೇಳದು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. ಬಿದಿರಿನ ಹೆಣಿಗೆ ಹಾಗೇ ಉಳಿದಿದೆ.

ಸಿಯರ್ಸ್ 1884ರಲ್ಲಿ ‘ವುಡ್‌ಕ್ರಾಫ್ಟ್’ ಎಂಬ ಪುಸ್ತಕ ಪ್ರಕಟಿಸಿ, 1890ರಲ್ಲಿ ವೆಲ್ಸ್‌ಬರೋದಲ್ಲಿ ತೀರಿಕೊಂಡ. ಸೇರಿ ಗ್ಯಾಂಪ್ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹ ಸೇರಿತು. ಮುಂದೆ ಅದನ್ನು ಅದು ಓಡಾಡಿದ ಸೀಮೆಗೇ ತಂದು, ಬ್ಲೂ ಮೌಂಟನ್ ಲೇಕ್ ಎಂಬ ಊರಿನ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಇಟ್ಟರು.