ಪಡಸಾಲೆಯ ಹುದುಗು ಕಪಾಟು

ಹಿರೇಕೆರೂರಿನಿಂದ ಅಬಲೂರಿಗೆ ಬರುವ ಹಾದಿಯಲ್ಲಿ ಕಣ್ಣು ಹಾಯಿಸಿದಷ್ಟೂ ಗೋವಿನಜೋಳ. ತೆನೆ ಮುರಿಯುವ ಕಾಲ ಬಂದರೆ ಅರ್ಧ ಡಾಂಬರು ರಸ್ತೆ ಕಣವಾಗುತ್ತದೆ. ಬಸ್ಸಿನವನು ಬೈಯುತ್ತಲೇ ಕಾಳಿನ ರಾಶಿ ಬಳಸಿಕೊಂಡು ಹೋಗುತ್ತಾನೆ. ಊರೊಳಗೆ ಸೋಮೇಶ್ವರ ಗುಡಿ. ಏಕಾಂತದ ರಾಮಯ್ಯ ತಲೆ ಅರಿದುಕೊಟ್ಟು ಮರಳಿ ಪಡೆದ ಕಥೆ ಇಲ್ಲಿ ಶಿಲ್ಪದಲ್ಲೂ ಉಂಟು, ಶಾಸನದಲ್ಲೂ ಉಂಟು. ಫ್ಲೀಟ್ ಸಾಹೇಬರು ಆ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ ಮೇಲೆ ಅಬಲೂರಿನ ಹೆಸರು ದೇಶವಿದೇಶದ ಗ್ರಂಥಾಲಯ ಸೇರಿತು. ಸರ್ವಜ್ಞನ ತಾಯಿ ಕುಂಬಾರ ಮಾಳಿಯ ಊರು ಇದೇ ಎನ್ನುತ್ತಾರೆ. ಹೊರಗಿನಿಂದ ಬಂದವರು ಇವೆರಡನ್ನು ನೋಡಿ, ಚಹಾ ಕುಡಿದು ಹೋಗುತ್ತಾರೆ. ನಮ್ಮ ಪಡಸಾಲೆಯ ಸಾಗವಾನಿ ಕಪಾಟನ್ನು ಯಾರೂ ನೋಡುವುದಿಲ್ಲ.

ಹಿಂದೆ ಅದರಲ್ಲಿ ಪುರಾಣದ ಪುಸ್ತಕ, ಪಂಚಾಂಗ, ಸೊಸೈಟಿಯ ಪಾಸ್‌ಬುಕ್ಕು ಇರುತ್ತಿದ್ದವು. ಈಗ ಮೇಲಿನ ಎರಡು ಅರೆ ತುಂಬ ಬಿಯರ್ ಪುಸ್ತಕ. ತಮ್ಮನ ಮಗ ಬೆಂಗಳೂರಿನಲ್ಲಿ, ಮಾಲ್ಟ್ ಬೇಯಿಸಿ ಅಲ್ಲೇ ಹುದುಗಿಸಿ ಅಲ್ಲೇ ಮಾರುವ ಒಂದು ಕಡೆ ಕೆಲಸಕ್ಕಿದ್ದಾನೆ. ಬಾಡಿಗೆ ಕೋಣೆಯಲ್ಲಿ ಜಾಗ ಸಾಲದೆ, ಬಂದಾಗೊಮ್ಮೆ ಒಂದು ಚೀಲ ಪುಸ್ತಕ ಇಳಿಸಿ ಹೋಗುತ್ತಾನೆ. ಎಲ್ಲಕ್ಕಿಂತ ದಪ್ಪನೆಯದು ಜರ್ಮನಿಯ ಕುಂಜೆ ಬರೆದ ಪಠ್ಯ. ಬೀಗರ ಮನೆಯ ಹುಡುಗ ಅದನ್ನು ಡಿಕ್ಷನರಿ ಅಂದುಕೊಂಡಿದ್ದ. ಪಕ್ಕದಲ್ಲಿ ನೀರು, ಮಾಲ್ಟ್, ಹಾಪ್ಸ್, ಯೀಸ್ಟ್ ಒಂದೊಂದಕ್ಕೆ ಒಂದೊಂದರಂತೆ ನಾಲ್ಕು ಪುಸ್ತಕ. ಜಾನ್ ಪಾಮರ್ ಬರೆದದ್ದರ ರಟ್ಟು ಕಿತ್ತಿದೆ, ಪುಟಗಳಿಗೆ ಕಂದು ಕಲೆ. ಕೈಯಲ್ಲಿ ಹಿಡಿದು ಕೆಲಸ ಮಾಡಿದ ಗುರುತು. ಚಾರ್ಲಿ ಪಪೇಜಿಯನ್ನನ ಪುಸ್ತಕ 1984ರದು. ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಕಾರ್ಟರ್ 1978ರಲ್ಲಿ ರುಜು ಹಾಕಿದ ಕಾನೂನು ದಾರಿ ಬಿಟ್ಟಿತು. ಈ ಪುಸ್ತಕಗಳ ಬೆಳೆ ಬಂದದ್ದು ಆಮೇಲೆ. ಪಾಶ್ಚರನ 1876ರ ಬಿಯರ್ ಅಧ್ಯಯನದ ಇಂಗ್ಲಿಷ್ ಅನುವಾದದ ನಕಲೂ ಇದೆ. ಯುದ್ಧದಲ್ಲಿ ಸೋತ ಫ್ರಾನ್ಸ್ ಬಿಯರಿನಲ್ಲಾದರೂ ಜರ್ಮನಿಯನ್ನು ಗೆಲ್ಲಲಿ ಎಂದು ಹೊರಟ ಮನುಷ್ಯ ಆತ.

ಇದನ್ನೆಲ್ಲ ಮೊದಲ ಸಲ ಜೋಡಿಸುವಾಗ ನಮ್ಮ ಆಯಿ ಹೊಸ್ತಿಲ ಮೇಲೆ ಕೂತು ಕೇಳಿದಳು: “ಏನೋ ತಮ್ಮಾ, ಕುಡಿಯೂದಕ್ಕೂ ಇಷ್ಟು ಓದಬೇಕೇನು?”

“ಕುಡಿಯಾಕಲ್ಲ ಆಯಿ, ಹುಳಿ ಬರಸಾಕ.”

“ಹುಳಿ ಬರಸಾಕ ಬುಕ್ಕು!” ಎಂದು ಆಕೆ ನಕ್ಕದ್ದು ಓಣಿಗೆಲ್ಲ ಕೇಳಿತು.

ನೀರಿನ ಪುಸ್ತಕವನ್ನು ನಾನೂ ತಿರುವಿ ಹಾಕಿದ್ದೇನೆ. ಪಿಲ್ಸೆನ್ ಊರಿನ ನೀರು ಮೆದು, ಅದಕ್ಕೆ ಅಲ್ಲಿಯ ತಿಳಿಬಣ್ಣದ ಬಿಯರ್; ಇಂಗ್ಲೆಂಡಿನ ಬರ್ಟನ್ ಊರಿನ ನೀರಲ್ಲಿ ಜಿಪ್ಸಮ್ ಹೆಚ್ಚು, ಅದಕ್ಕೆ ಅಲ್ಲಿಯ ಕಹಿ ಏಲ್. ನಮ್ಮ ಬೋರಿನ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪಟ್ಟೆ ಕೂರುವುದು ಯಾಕೆಂದು ನನಗೆ ಈ ವಯಸ್ಸಿನಲ್ಲಿ ತಿಳಿದದ್ದು ಆ ಪುಸ್ತಕದಿಂದ. ದಕ್ಷಿಣ ಆಫ್ರಿಕಾದಲ್ಲಿ ನಮ್ಮದೇ ಬಿಳಿಜೋಳದ ಕುಲದ ಕಾಳನ್ನು ಮೊಳಕೆ ಬರಿಸಿ, ಗೋವಿನಜೋಳದ ಹಿಟ್ಟು ಸೇರಿಸಿ ಉಂಕೊಂಬೋಥಿ ಎಂಬ ಗಟ್ಟಿ ಬಿಯರ್ ಮಾಡುತ್ತಾರಂತೆ. ಎರಡೂ ಕಾಳು ನಮ್ಮ ಅಂಗಳದಲ್ಲೇ ಒಣಗುತ್ತಿರುತ್ತವೆ.

ಆದರೂ ಕಪಾಟು ನನಗೆ ಅರೆಬರೆ ಎನಿಸುತ್ತಿತ್ತು. ಹುದುಗಿನ ವಿದ್ಯೆಗೆ ಇಷ್ಟು ಹಳಬರಾದ ನಾವು ಎಲ್ಲಿಯೂ ಇಲ್ಲ. “ಕನ್ನಡದಾಗ ಏನೈತಿ ದೊಡ್ಡಪ್ಪಾ?” ಎಂದು ಹುಡುಗ ಕೇಳಿದ, ಆ ದನಿಯಲ್ಲಿ ಏನೂ ಇರಲಾರದು ಎಂಬ ಖಾತ್ರಿ ಇತ್ತು. ಕೆಳಗಿನ ಅರೆ ಶುರುವಾದದ್ದು ಆ ಹಟಕ್ಕೆ.

ಅಲ್ಲಿ ಮೊದಲು ಇಟ್ಟದ್ದು ಕೌಟಿಲ್ಯನ ಅರ್ಥಶಾಸ್ತ್ರ. ಅದು ಕನ್ನಡದ್ದಲ್ಲ, ಸರಿ. ಆದರೆ ಲೋಕಕ್ಕೆ ಮರಳಿ ಸಿಕ್ಕದ್ದು ಮೈಸೂರಿನಲ್ಲಿ. 1905ರಲ್ಲಿ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳ ಕೈಗೆ ತಾಳೆಗರಿಯ ಪ್ರತಿ ಬಂತು, 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷಿಗೂ ಬಂತು. ಜನ ಅದರಲ್ಲಿ ರಾಜನೀತಿ ಹುಡುಕುತ್ತಾರೆ. ಎರಡನೆಯ ಅಧಿಕರಣದ ಸುರಾಧ್ಯಕ್ಷನ ಅಧ್ಯಾಯ ತೆರೆದರೆ ಸಿಗುವುದು ಭಟ್ಟಿಯವನ ಲೆಕ್ಕಪುಸ್ತಕ. ಮೇದಕ ಎಂಬ ಮದ್ಯಕ್ಕೆ ನೀರು ಒಂದು ದ್ರೋಣ, ಅಕ್ಕಿ ಅರ್ಧ ಆಢಕ, ಕಿಣ್ವ ಮೂರು ಪ್ರಸ್ಥ. ದ್ರೋಣಕ್ಕೆ 16 ಪ್ರಸ್ಥ. ಅಂದರೆ 16 ಪಾಲು ನೀರು, 2 ಪಾಲು ಅಕ್ಕಿ, 3 ಪಾಲು ಹುದುಗು. ಆ ಕಿಣ್ವ ಯಾವುದರಿಂದ? ಉದ್ದಿನ ಹಿಟ್ಟು, ಅದಕ್ಕೆ ಮೂರನೆಯ ಒಂದು ಪಾಲು ಹೆಚ್ಚಾಗಿ ಅಕ್ಕಿ, ಮೇಲೆ ಒಂದಿಷ್ಟು ಗಿಡಮೂಲಿಕೆ.

ಇದನ್ನು ಗಟ್ಟಿಯಾಗಿ ಓದಿದಾಗ ಆಯಿ ಮೊರ ಕೆಳಗಿಟ್ಟಳು. “ಉದ್ದು, ಅಕ್ಕಿ? ಅದು ದ್ವಾಸಿ ಹಿಟ್ಟಲ್ಲೇನೋ!”

ಹುಡುಗ ಬಾಯಿ ಬಿಟ್ಟುಕೊಂಡು ನಿಂತ. ಉದ್ದಿನ ಹಿಟ್ಟಿನಲ್ಲಿ ಲ್ಯೂಕೊನಾಸ್ಟಾಕ್ ಎಂಬ ಜೀವಾಣು ಇರುತ್ತದೆ, ಗಾಳಿ ತುಂಬಿ ಹಿಟ್ಟು ಉಬ್ಬಿಸುವುದು ಅದೇ ಎಂದು ಅವನು ಕಾಲೇಜಿನಲ್ಲಿ ಓದಿದ್ದ. ಮದ್ಯದ ಹುದುಗೂ ದೋಸೆಯ ಹಿಟ್ಟೂ ಇಷ್ಟು ಹತ್ತಿರದ ನೆಂಟರೆಂದು ಅವನ ಯಾವ ಪುಸ್ತಕವೂ ಹೇಳಿರಲಿಲ್ಲ.

ಪಕ್ಕಕ್ಕೆ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ಬಂತು. 1025ರ ಸುಮಾರಿನ ಕನ್ನಡ ಪುಸ್ತಕ. ಬಾವಿ ತೋಡುವುದರಿಂದ ಹಿಡಿದು ಅಡುಗೆಯವರೆಗೆ ಎಲ್ಲಕ್ಕೂ ಕೈ ಹಾಕಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ ಕೂಡಿಸುವ ಇಡ್ಲಿಯ ಪೂರ್ವಜ ಅದರಲ್ಲಿದೆ. ನಮ್ಮ ಸೀಮೆ ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದಾಗ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಬರೆದ ‘ಮಾನಸೋಲ್ಲಾಸ’ ಗಾಯಕವಾಡ ಮಾಲೆಯ ಮೂರು ಸಂಪುಟಗಳಲ್ಲಿ ಕೂತಿದೆ. ಅರಸನ ವಿನೋದಗಳ ನಡುವೆ ಮದಿರಾಪಾನಕ್ಕೂ ಅದರಲ್ಲಿ ಜಾಗ ಉಂಟು. ಹೆಂಡದ ಮಾರಯ್ಯನ ವಚನಗಳನ್ನು ಇಲ್ಲಿಡುವುದಕ್ಕೆ ಮನೆಯಲ್ಲಿ ಸಣ್ಣ ಜಗಳವೇ ಆಯಿತು. ಶರಣರ ವಚನ ಬಿಯರಿನ ಜೊತೆಗಾ ಎಂದು ತಮ್ಮ. ಹೆಂಡ ಮಾರುವ ಕಾಯಕದಿಂದಲೇ ಅರಿವಿನ ಮಾತು ಎತ್ತಿದವನನ್ನು ಬೇರೆಲ್ಲಿ ಇಡುತ್ತೀ ಎಂದು ನಾನು. ಇಟ್ಟಾಯಿತು.

ಶಾರ್ಙ್ಗಧರ ಸಂಹಿತೆಗೆ ಜಗಳ ಬೇಕಾಗಲಿಲ್ಲ. ಅಳತೆ ಹೇಳಿರದ ಅರಿಷ್ಟಕ್ಕೆ ಒಂದು ದ್ರೋಣ ದ್ರವ, ಒಂದು ತುಲಾ ಬೆಲ್ಲ, ಬೆಲ್ಲದ ಅರ್ಧ ಜೇನು, ಹತ್ತನೆಯ ಒಂದು ಪಾಲು ಔಷಧದ ಪುಡಿ. ಔಷಧಿ ಅಂಗಡಿಯ ದ್ರಾಕ್ಷಾರಿಷ್ಟದ ಬಾಟಲಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದೂ ಹುದುಗಿಸಿದ್ದೇ ಎಂದು ಹೇಳಿದರೆ ಹಿರಿಯರು ಮುಖ ಸಿಂಡರಿಸುತ್ತಾರೆ.

ಈ ಪುಸ್ತಕಗಳನ್ನು ಅಬಲೂರಿನಲ್ಲಿ ಓದಬಹುದು, ಮಾಡಿ ನೋಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕೌಟಿಲ್ಯನಂಥ ಬಿಗಿ ಮನುಷ್ಯನೇ ಗೃಹಸ್ಥರಿಗೆ ಮನೆಯ ಕಾರ್ಯಗಳಲ್ಲಿ ಬಿಳಿ ಸುರೆ, ಔಷಧಕ್ಕೆ ಅರಿಷ್ಟ ಮಾಡಿಕೊಳ್ಳಲು ಬಿಟ್ಟಿದ್ದ, ಜಾತ್ರೆಗೆ ನಾಲ್ಕು ದಿನ ಸಡಿಲ ಕೊಟ್ಟಿದ್ದ. ಕಳ್ಳಭಟ್ಟಿಯಿಂದ ಹಾಳಾದ ಮನೆಗಳನ್ನು ಕಂಡವನಾದ್ದರಿಂದ ಆ ಸಡಿಲ ಮತ್ತೆ ಬೇಕು ಎಂದು ನಾನು ವಾದಿಸಲಾರೆ.

ಹಾಗಾಗಿ ಹುಡುಗನ ಪ್ರಯೋಗವೆಲ್ಲ ಆಯಿಯ ಅಂಬಲಿಯ ಮೇಲೆ. ಕಪಾಟಿನ ಕಟ್ಟಕಡೆಯ ಪುಸ್ತಕ ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಜೋಳದ ಹಿಟ್ಟು ಇಷ್ಟು, ನೀರು ಇಷ್ಟು, ನಿನ್ನೆಯ ಹುಳಿ ಇಷ್ಟು ಎಂದು ತಕ್ಕಡಿ ಇಟ್ಟು ಬರೆಯುತ್ತಾನೆ. ಆಯಿಯ ಅಳತೆ ಮುಷ್ಟಿಯದು. ಯುಗಾದಿಗೆ ಬಂದಾಗ ತೂಗಿದ ಹುಳಿ, ಎಳ್ಳಮಾಸಿಗೆ ತೂಗಿದ್ದರ ಅರ್ಧವೂ ಇರಲಿಲ್ಲ. ಕೈ ತಪ್ಪಿತೇನೋ ಎಂದು ಅವನು ಮತ್ತೆ ತೂಗಲು ಹೋದ.

“ಬ್ಯಾಸಗ್ಯಾಗ ಹುಳಿಗೆ ಜೋರ ಭಾಳ,” ಎಂದಳು ಆಯಿ. “ಅಷ್ಟ ಹಾಕಿದ್ರ ನಸಿಕಿನ್ಯಾಗ ಗಡಿಗಿ ಉಕ್ಕತೈತಿ.”

ಯೀಸ್ಟಿನ ಪುಸ್ತಕದಲ್ಲಿ ಶಾಖ ಮತ್ತು ಹುದುಗಿನ ಪ್ರಮಾಣಕ್ಕೆ ಎಷ್ಟೋ ಪುಟ ಮೀಸಲಿವೆ. ಅವನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬ್ಯಾಸಗಿ, ಮಳೆ, ಚಳಿ ಎಂದು ಮೂರು ಕಾಲಂ ಮಾಡಿದ. ಮಳೆಯ ಕಾಲಂ ಇನ್ನೂ ಖಾಲಿ ಇದೆ. ಆಷಾಢಕ್ಕೆ ರಜೆ ಹಾಕಿ ಬರುತ್ತೇನೆ ಎಂದಿದ್ದಾನೆ.